ಪ್ರತಿಗಳ ಬಹುಮತವೂ ಪಾಠದ ಪ್ರಾಮಾಣ್ಯವೂ

ಹೆಚ್ಚು ಪ್ರತಿಗಳಲ್ಲಿ ದೊರೆಯುವ ಪಾಠವೇ ಶುದ್ಧಪಾಠವೆಂಬ ಭಾವನೆ ಗ್ರಂಥಸಂಪಾದನೆಯಲ್ಲಿ ಸುಲಭವಾಗಿ ತಲೆದೋರುತ್ತದೆ. ಕೊಡಗಿನ ಹಾಡುಗಳ ಪಾಠವಿಚಾರದಲ್ಲಿ ಇದು ಎಷ್ಟು ಸಾಧುವೆಂಬುದನ್ನು ಅರಿಯಲು, ಬಹುಮತವನ್ನೇ ನೆಚ್ಚಿ ಪ್ರಾಣರಕ್ಷಣೆಯ ಹೊಣೆ ಹೊತ್ತಿರುವ ಯಂತ್ರಗಳ ಕ್ರಮವನ್ನು ಪರಾಮರ್ಶಿಸುವುದು ಉಪಯುಕ್ತವಾದುದು.

ಅಪಾಯಕರವಾದ ಕಾರ್ಖಾನೆಗಳಲ್ಲಿ ರಕ್ಷಣೆಯ ಒಂದೇ ಕಾರ್ಯಕ್ಕೆ ಮೂರು ಗಣಕಗಳನ್ನು ನಿಯೋಜಿಸುವುದುಂಟು. ಒಂದೊಂದಕ್ಕೂ ಪ್ರತ್ಯೇಕವಾದ ಮಾಪಕಗಳಿರುತ್ತವೆ. ಒತ್ತಡವೋ ಉಷ್ಣವೋ ಮಿತಿಮೀರಿತೆಂದು ಎರಡು ಗಣಕಗಳು ನಿರ್ಣಯಿಸಿದರೆ ಯಂತ್ರವು ನಿಲ್ಲುತ್ತದೆ. ಒಂದು ಕೆಟ್ಟು ಮೂಕವಾದರೂ ಉಳಿದೆರಡು ಕಾಯುತ್ತವೆ. ಒಂದು ಕೆಟ್ಟು ಸುಳ್ಳುಕೂಗು ಹಾಕಿದರೂ ಕಾರ್ಯವು ವೃಥಾ ನಿಲ್ಲದು. ಎರಡೇ ಇದ್ದು ಅವು ಭಿನ್ನವಾಗಿ ನುಡಿದರೆ, ದಿಟವಾವುದೆಂದು ನಿರ್ಣಯಿಸುವ ಮೂರನೆಯ ಸಾಕ್ಷಿಯಿಲ್ಲ. ಉತ್ತರ ಕನ್ನಡದ ಕೈಗಾ ಅಣುವಿದ್ಯುತ್ ಸ್ಥಾವರದ ರಕ್ಷಣಾಸರಣಿಗಳಲ್ಲಿಯೂ ಮೂರರಲ್ಲಿ ಎರಡರ ಮತವೆಂಬ ಈ ನ್ಯಾಯವೇ ನಡೆಯುತ್ತದೆ.

ಆದರೆ ಮೂರು ಗಣಕಗಳಿಗೂ ಒಂದೇ ಆದೇಶಮಾಲೆಯನ್ನು ಬರೆದಿಟ್ಟು, ಅದರಲ್ಲಿಯೇ ದೋಷವಿದ್ದರೆ, ಮೂರೂ ಒಮ್ಮತದಿಂದ ತಪ್ಪುತ್ತವೆ. ಆಗ ಬಹುಮತವು ತಪ್ಪನ್ನು ತಿದ್ದುವುದಿಲ್ಲ, ಸ್ಥಿರಪಡಿಸುತ್ತದೆ. ಆದುದರಿಂದ ಸಂಖ್ಯೆಗೆ ಭಿನ್ನತೆಯೂ ಕೂಡಬೇಕು. ಕೈಗಾದಲ್ಲಿ ಅಣುಕ್ರಿಯೆಯನ್ನು ನಿಲ್ಲಿಸಲು ಬೇರೆಬೇರೆ ಬಗೆಯ ಎರಡು ಉಪಾಯಗಳಿರುವುದು ಇದಕ್ಕಾಗಿಯೇ: ಒಂದರಲ್ಲಿ ಕ್ಯಾಡ್ಮಿಯಂ ದಂಡಗಳು ಇಳಿಯುತ್ತವೆ, ಮತ್ತೊಂದರಲ್ಲಿ ಬೋರಾನ್ ಬೆರೆತ ದ್ರವವು ಕೊಳವೆಗಳನ್ನು ತುಂಬುತ್ತದೆ.

ಈ ನ್ಯಾಯವನ್ನು ಕೊಡಗಿಗೆ ಅನ್ವಯಿಸಿ ನೋಡಬಹುದು. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಹಾಡುಗಳನ್ನು ಸಂಗ್ರಹಿಸಿ, ಕನ್ನಡ ಲಿಪಿಯಲ್ಲಿ 1924ರಲ್ಲಿ 'ಪಟ್ಟೋಲೆ ಪಳಮೆ'ಯನ್ನು ಪ್ರಕಟಿಸಿದರು. ಅವರ ಉಪಕಾರ ಅಪಾರವಾದುದು. ಆದರೆ ಆ ಗ್ರಂಥದ ಮರುಮುದ್ರಣಗಳೂ, 2003ರಲ್ಲಿ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪನವರು ಹೊರತಂದ ಇಂಗ್ಲಿಷ್ ಅನುವಾದವೂ ಪಾಠನಿರ್ಣಯದಲ್ಲಿ ಹೊಸ ಮತಗಳಾಗವು. ಅವೆಲ್ಲ ಒಂದೇ ಸಾಕ್ಷಿಯ ಪ್ರತಿಧ್ವನಿಗಳು. ದುಡಿ ಬಾರಿಸುತ್ತ ಕೂಡಿ ಹಾಡುವ ನಾಲ್ವರ ಬಾಯಲ್ಲಿ ಒಂದೇ ಮಾತು ಬಂದರೂ, ಒಬ್ಬರನ್ನೊಬ್ಬರು ಕೇಳಿ ಹಾಡುವುದರಿಂದ ಅವರನ್ನು ನಾಲ್ಕು ಸಾಕ್ಷಿಗಳೆಂದು ಎಣಿಸಲಾಗದು. ಅಚ್ಚಾದ ಪುಸ್ತಕದಿಂದ ಕಲಿತ ಹಾಡುಗಾರನ ಮತವೂ ಪುಸ್ತಕದ ಮತವೇ ಸರಿ. ಇದಕ್ಕೆ ಪ್ರತಿಯಾಗಿ, 1870ರಲ್ಲಿ ಮಂಗಳೂರಿನಲ್ಲಿ ಗ್ರೇಟರನು ಪ್ರಕಟಿಸಿದ ಕೊಡಗಿನ ಹಾಡುಗಳು 'ಪಟ್ಟೋಲೆ ಪಳಮೆ'ಯ ನಕಲಾಗಲಾರವು. ಹಿಂದಿನದರ ಪ್ರಭಾವವು ಮುಂದಿನದರ ಮೇಲೆ ಉಂಟೇ ಎಂಬುದನ್ನು ಶೋಧಿಸಿದ ಬಳಿಕವೇ ಎರಡನ್ನೂ ಎರಡಾಗಿ ಎಣಿಸತಕ್ಕದ್ದು.

ಇಲ್ಲಿ ಒಂದು ಭೇದವನ್ನು ಮರೆಯಬಾರದು. ಯಂತ್ರದಲ್ಲಿ ಅಲ್ಪಮತವನ್ನು ಬದಿಗಿಡಬಹುದು. ಹಾಡಿನಲ್ಲಿ ಪಾಠಭೇದವೆಲ್ಲವೂ ದೋಷವಲ್ಲ. ಒಂದು ನಾಡಿನ ಹಾಡುಗಾರನೊಬ್ಬನೇ ಉಳಿಸಿಕೊಂಡ ಪದವು ಆ ನಾಡಿನ ಬಳಕೆಯೇ ಆಗಿರಬಹುದು. ಅದನ್ನು ಬಹುಮತದ ಹೆಸರಿನಲ್ಲಿ ಅಳಿಸಿದ ಸಂಪಾದಕನು ಮತ್ತೆಲ್ಲಿಯೂ ದೊರೆಯದ ಸಾಕ್ಷ್ಯವನ್ನು ಕಳೆದಂತಾಗುತ್ತದೆ. ಆದಕಾರಣ ಸಂಪಾದಕನ ಮೊದಲ ಕರ್ತವ್ಯವು ಪ್ರತಿಗಳನ್ನು ಎಣಿಸುವುದಲ್ಲ. ಒಂದೊಂದು ಪ್ರತಿಯೂ ಯಾರಿಂದ ಯಾರಿಗೆ ಬಂದಿತೆಂಬುದನ್ನು ವಿಚಾರಿಸುವುದು.