ಕಾರ್ಟೆಸ್ ಬ್ಯಾಂಕ್: ಅಡಿ ಲೆಕ್ಕಕ್ಕೆ ಸಿಗದ ಸವಾರಿ

ಅಮೆರಿಕದ ಸ್ಯಾನ್ ಡಿಯಾಗೊ ನಗರದಿಂದ ಪಶ್ಚಿಮಕ್ಕೆ ಸುಮಾರು 180 ಕಿಲೋಮೀಟರ್ ದೂರದಲ್ಲಿ, ಪೆಸಿಫಿಕ್‌ನೊಳಗೆ ಒಂದು ಮುಳುಗಿದ ಗುಡ್ಡವಿದೆ. ಹೆಸರು ಕಾರ್ಟೆಸ್ ಬ್ಯಾಂಕ್. ಅದರ ನೆತ್ತಿ ಬಿಷಪ್ ರಾಕ್ ನೀರಿನ ಮಟ್ಟದಿಂದ ಒಂದೆರಡು ಮೀಟರ್ ಕೆಳಗೇ ನಿಂತುಬಿಟ್ಟಿದೆ. 1855ರಲ್ಲಿ ಇಲ್ಲಿ ಬಡಿದ ಹಾಯಿಹಡಗಿನಿಂದಲೇ ಬಂಡೆಗೆ ಆ ಹೆಸರು ಬಂದದ್ದು. 1985ರಲ್ಲಿ ಅಣುಶಕ್ತಿಯ ವಿಮಾನವಾಹಕ ನೌಕೆ ಎಂಟರ್‌ಪ್ರೈಸ್ ಕೂಡ ಇದಕ್ಕೆ ತಾಗಿ ಹೊಟ್ಟೆ ಸೀಳಿಸಿಕೊಂಡಿತು. ಇವೆರಡರ ನಡುವೆ, 1966ರಲ್ಲಿ, ಕಾಂಕ್ರೀಟ್ ಹಡಗೊಂದನ್ನು ಇಲ್ಲಿ ಕೂರಿಸಿ ಅಬಲೋನಿಯಾ ಎಂಬ ಸ್ವಂತ ದೇಶ ಕಟ್ಟಲು ಹೊರಟವರೂ ಇದ್ದರು. ಅಲೆಗಳು ಹಡಗನ್ನು ಒಡೆದವು, ದೇಶವೂ ಅಲ್ಲಿಗೇ ಮುಗಿಯಿತು.

ಚಳಿಗಾಲದಲ್ಲಿ ಉತ್ತರ ಪೆಸಿಫಿಕ್‌ನ ಬಿರುಗಾಳಿಗಳು ಎಬ್ಬಿಸುವ ದೊಡ್ಡ ಅಲೆಗಳು 20 ಸೆಕೆಂಡಿಗೊಂದರಂತೆ ಬರುವಾಗ ಎರಡು ಅಲೆಗಳ ನಡುವಿನ ಅಂತರ 600 ಮೀಟರ್ ದಾಟುತ್ತದೆ. ಅಂಥ ಅಲೆಗೆ 300 ಮೀಟರ್ ಆಳದಲ್ಲೇ ನೆಲ ತಾಗತೊಡಗುತ್ತದೆ. ಗುಡ್ಡದ ಮೇಲೆ ಬಂದ ಭಾಗ ನಿಧಾನವಾಗುತ್ತದೆ, ಅಕ್ಕಪಕ್ಕದ ಆಳನೀರಿನಲ್ಲಿರುವ ಭಾಗ ಓಡುತ್ತಲೇ ಇರುತ್ತದೆ. ಹೀಗೆ ಅಲೆ ಬಾಗಿ, ತನ್ನ ಬಲವನ್ನು ತಂದು ಬಂಡೆಯ ಮೇಲೆ ಸುರಿಯುತ್ತದೆ. ನಮ್ಮ ಸಸಿಹಿತ್ಲಿನಲ್ಲಿ ಸರ್ಫಿಂಗ್ ನೋಡಿದವರಿಗೆ ಗೊತ್ತು: ಬಿದ್ದವನನ್ನು ಅಲೆಯೇ ತಂದು ಮರಳಿಗೆ ಬಿಡುತ್ತದೆ. ಕಾರ್ಟೆಸ್‌ನಲ್ಲಿ ತಂದು ಬಿಡುವುದಕ್ಕೆ ದಡವೇ ಇಲ್ಲ. ಎಲ್ಲಿ ಕಾದು ನಿಲ್ಲಬೇಕೆಂದು ಅಂದಾಜು ಮಾಡಲು ದಡದ ಮೇಲೊಂದು ಮರವಾಗಲಿ, ಮನೆಯ ಮಾಡಾಗಲಿ ಕಾಣುವುದಿಲ್ಲ.

ಈ ಜಾಗ ಸರ್ಫಿಂಗ್ ಲೋಕದಲ್ಲಿ ದೊಡ್ಡ ಸುದ್ದಿಯಾದದ್ದು 2001ರ ಜನವರಿ 19ರಂದು. ಬ್ರಾಡ್ ಗೆರ್ಲಾಕ್ ಜೆಟ್ ಸ್ಕೀಗೆ ಹಗ್ಗ ಕಟ್ಟಿ ಎಳೆದು ತಂದು ಬಿಟ್ಟ ಸರ್ಫರ್ ಮೈಕ್ ಪಾರ್ಸನ್ಸ್ ಅಲೆಯ ಮೇಲೆ ಇಳಿದ. ಆ ಅಲೆಯನ್ನು 66 ಅಡಿ ಎಂದು ಲೆಕ್ಕ ಹಾಕಿದರು, 60,000 ಡಾಲರ್ ಬಹುಮಾನ ಬಂತು. ಡೇನಾ ಬ್ರೌನ್ ನಿರ್ದೇಶನದ 'ಸ್ಟೆಪ್ ಇನ್‌ಟು ಲಿಕ್ವಿಡ್' (2003) ಚಿತ್ರ ಆ ದಿನದ ದೃಶ್ಯಗಳನ್ನು ಕೊನೆಗೆ ಇಟ್ಟುಕೊಂಡಿದೆ. ಚಿತ್ರ ಚೆನ್ನಾಗಿದೆ, ಆದರೆ ಅದರ ಒಳ್ಳೆಯ ಭಾಗ ಇದಲ್ಲ. ವಿಸ್ಕಾನ್ಸಿನ್‌ನ ಶೆಬಾಯ್ಗನ್‌ನಲ್ಲಿ ಸರೋವರದ ಪುಟ್ಟ ಅಲೆಗಳನ್ನೇ ನಂಬಿ ಬದುಕುವವರನ್ನು ತೋರಿಸುವಾಗ ಬ್ರೌನ್ ಮನುಷ್ಯರನ್ನು ನೋಡುತ್ತಾನೆ; ಕಾರ್ಟೆಸ್‌ಗೆ ಬಂದಾಗ ಗಾತ್ರವನ್ನು ನೋಡುತ್ತಾನೆ. ನೀರಿನ ಗೋಡೆಯ ಮೇಲೆ ಚುಕ್ಕಿಯಂಥ ಒಬ್ಬ ಸವಾರ. ಮೈ ನಡುಗಿಸುವ ದೃಶ್ಯ ನಿಜ. ಆದರೆ ಆ ಚುಕ್ಕಿಯನ್ನು ಸರಿಯಾದ ಜಾಗಕ್ಕೆ, ಸರಿಯಾದ ಕ್ಷಣಕ್ಕೆ ತಂದು ಬಿಟ್ಟ ಗೆರ್ಲಾಕ್ ನೋಡುಗನ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ದಡದ ಗುರುತಿಲ್ಲದ ಕಡೆ ಯಾವ ಅಲೆ, ಎಲ್ಲಿ ಏಳುತ್ತದೆ ಎಂದು ಓದುವುದು ಅರ್ಧಕ್ಕರ್ಧ ಅವನ ಕೆಲಸ.

ಅಡಿ ಲೆಕ್ಕದ ಹುಚ್ಚು ಆಮೇಲೆ ಇನ್ನೂ ಬೆಳೆಯಿತು. 2008ರ ಜನವರಿ 5ರಂದು ಪಾರ್ಸನ್ಸ್, ಗೆರ್ಲಾಕ್, ಗ್ರೆಗ್ ಲಾಂಗ್, ಗ್ರಾಂಟ್ ಬೇಕರ್ ಎರಡು ಬಿರುಗಾಳಿಗಳ ನಡುವೆ ಸಿಕ್ಕ ಸಣ್ಣ ಬಿಡುವಿನಲ್ಲಿ ಅಲ್ಲಿಗೆ ಹೋದರು. ಪಾರ್ಸನ್ಸ್ ಹತ್ತಿದ ಅಲೆ 77 ಅಡಿ ಎಂದು ಗಿನ್ನೆಸ್ ದಾಖಲೆಗೆ ಸೇರಿತು. 2011ರ ನವೆಂಬರ್‌ನಲ್ಲಿ ಪೋರ್ಚುಗಲ್‌ನ ನಜಾರೆಯಲ್ಲಿ ಗ್ಯಾರೆಟ್ ಮೆಕ್‌ನಮಾರ 78 ಅಡಿಯ ಅಲೆ ಏರಿದ, ದಾಖಲೆ ಕೈಬದಲಾಯಿತು. ಒಂದೇ ಅಡಿ! ಅಳೆಯುವುದು ಹೇಗೆಂದರೆ, ಫೋಟೋದಲ್ಲಿ ಬಾಗಿ ನಿಂತ ಸವಾರನ ಮೈಯನ್ನೇ ಅಳತೆಗೋಲು ಮಾಡಿಕೊಂಡು. ಅಲೆಯ ಬುಡ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಕಣ್ಣಂದಾಜಿನಲ್ಲಿ ನಿರ್ಧರಿಸಬೇಕು. ಕ್ಯಾಮೆರಾ ಹೊತ್ತ ದೋಣಿಯೂ ಅದೇ ನೀರಿನ ಮೇಲೆ ಏರಿಳಿಯುತ್ತಿರುತ್ತದೆ. ನಜಾರೆಯಲ್ಲಾದರೂ ಬಂಡೆಯ ಮೇಲೆ ಕೋಟೆ, ದೀಪಸ್ತಂಭಗಳಿವೆ, ಅವುಗಳ ಪಕ್ಕ ಸಾವಿರಾರು ಜನ ನಿಂತು ನೋಡುತ್ತಾರೆ. ಕಾರ್ಟೆಸ್‌ನಲ್ಲಿ ಯಾವ ಅಳತೆಗೂ ಆಸರೆಯಿಲ್ಲ. ಇಂಥದರಲ್ಲಿ ಒಂದಡಿಯ ಅಂತರಕ್ಕೆ ಗೆಲುವು ಸೋಲು ಹಚ್ಚುವುದು ನನಗಂತೂ ನಗೆಪಾಟಲಾಗಿ ಕಾಣುತ್ತದೆ. 2008ರ ಆ ಪ್ರಯಾಣದ ನಿಜವಾದ ಸಾಧನೆ ಹವಾಮಾನ ನಕ್ಷೆಯಲ್ಲಿ ಆ ಬಿಡುವನ್ನು ಗುರುತಿಸಿ, ಅದನ್ನು ನಂಬಿ ಹೊರಟದ್ದು, ಮತ್ತೆ ಎಲ್ಲರೂ ಮರಳಿ ಬಂದದ್ದು. ಅದನ್ನು ಯಾವ ಫೋಟೋದಿಂದಲೂ ಅಳೆಯಲಾಗದು.

ಇದರ ನಡುವೆ ಇನ್ನೊಂದು ಪಂಥ ಬಲವಾಯಿತು: ಜೆಟ್ ಸ್ಕೀಯ ಎಳೆತ ಬೇಡ, ಕೈಯಿಂದಲೇ ಈಜಿ ಅಲೆ ಹಿಡಿಯಬೇಕು, ಅದೇ ಶುದ್ಧ ಸರ್ಫಿಂಗ್ ಎನ್ನುವವರದು. ಕ್ಯಾಲಿಫೋರ್ನಿಯಾದ ಮ್ಯಾವರಿಕ್ಸ್‌ನಲ್ಲಿ ಈ ಮಾತಿಗೆ ತೂಕವಿದೆ, ಅಲ್ಲಿ ದಡದಿಂದಲೇ ಈಜಿಕೊಂಡು ಹೋಗಬಹುದು. ಕಾರ್ಟೆಸ್‌ಗೆ ರಾತ್ರಿಯಿಡೀ ದೋಣಿಯಲ್ಲಿ ಡೀಸೆಲ್ ಸುಟ್ಟು ಹೋಗಿ, ಸುತ್ತ ಜೆಟ್ ಸ್ಕೀಗಳ ಕಾವಲು ನಿಲ್ಲಿಸಿಕೊಂಡು, ಕೊನೆಯ ಐವತ್ತು ಮೀಟರ್‌ನಲ್ಲಿ ಮಾತ್ರ ಮಡಿ ಪಾಲಿಸಿದರೆ ಅದು ಎಂಥ ಶುದ್ಧಿ? ಧೈರ್ಯ ಹೆಚ್ಚು ಬೇಕೆಂಬುದನ್ನು ಒಪ್ಪುತ್ತೇನೆ. ಕೈಯಿಂದ ಹಿಡಿಯುವವನು ಅಲೆಯ ಕಡಿದಾದ ತುದಿಯಲ್ಲಿ, ತಡವಾಗಿ ಏಳಬೇಕಾಗುತ್ತದೆ. ಬೀಳುವ ಸಾಧ್ಯತೆಯೂ ಅಷ್ಟೇ ಹೆಚ್ಚು.

2012ರ ಡಿಸೆಂಬರ್ 21ರಂದು ಆದದ್ದು ಅದೇ. ಈ ಕ್ಷೇತ್ರದಲ್ಲೇ ಅತಿ ಎಚ್ಚರಿಕೆಯ ಸಿದ್ಧತೆಗೆ ಹೆಸರಾದ ಗ್ರೆಗ್ ಲಾಂಗ್ ಬಿದ್ದ. ಗಾಳಿ ತುಂಬಿಕೊಳ್ಳಬೇಕಿದ್ದ ಜಾಕೆಟ್ ತುಂಬಿಕೊಳ್ಳಲಿಲ್ಲ. ಒಂದರ ಹಿಂದೊಂದು ಅಲೆಗಳು ಅವನನ್ನು ಅದುಮಿದವು. ನೊರೆಯಲ್ಲಿ ಪ್ರಜ್ಞೆ ತಪ್ಪಿ ತೇಲುತ್ತಿದ್ದವನನ್ನು ರಕ್ಷಣಾ ತಂಡ ಹುಡುಕಿ ಎಳೆದುಕೊಂಡಿತು, ಕರಾವಳಿ ಕಾವಲು ಪಡೆಯ ಹೆಲಿಕಾಪ್ಟರ್ ಆಸ್ಪತ್ರೆಗೆ ಒಯ್ದಿತು. ಲಾಂಗ್ ಬದುಕಿದ. ಸವಾರರು ವರ್ಷಗಟ್ಟಲೆ ಕಲಿತ ಶಿಸ್ತಿನ ಫಲ ಅದು. ಗಾಳಿಜಾಕೆಟ್, ಉಸಿರು ಬಿಗಿಹಿಡಿಯುವ ಅಭ್ಯಾಸಗಳಿಗಿಂತ ಹೆಚ್ಚಾಗಿ, ಮುಂದಿನ ಅಲೆ ಮೇಲೆರಗುತ್ತಿರುವಾಗಲೂ ಜೆಟ್ ಸ್ಕೀಯನ್ನು ನೊರೆಯೊಳಕ್ಕೆ ತಿರುಗಿಸುವವರ ಶಿಸ್ತು. ಕಾರ್ಟೆಸ್ ಬಗ್ಗೆ ಇನ್ನೊಂದು ಚಿತ್ರ ಬರುವುದಾದರೆ, ಕ್ಯಾಮೆರಾ ಆ ಚಾಲಕನ ಬೆನ್ನ ಹಿಂದೆ ಇರಲಿ ಎಂದು ನನ್ನ ಆಸೆ. ಅಲೆಯ ಎತ್ತರ ಅಲ್ಲಿಂದ ಸರಿಯಾಗಿ ಕಾಣದಿದ್ದರೂ ಅಡ್ಡಿಯಿಲ್ಲ.