ಸಾಗರಮಾರ್ಗದ ಯಾತ್ರಾಕ್ರಮ

ಪ್ರವಾಸಕ್ಕೆ ಸಂಬಂಧಪಟ್ಟ ಬರೆವಣಿಗೆಯಲ್ಲಿ ಎರಡು ಬಗೆಗಳುಂಟು. ಹೋಗಿ ಬಂದವರು ತಾವು ಕಂಡುದನ್ನು ಬರೆದಿಡುವುದು ಮೊದಲನೆಯದು. ಹೋಗಬೇಕೆಂದಿರುವವರಿಗೆ ಹೋಗುವ ಕ್ರಮವನ್ನು ತಿಳಿಸುವುದು ಎರಡನೆಯದು. ಮೊದಲನೆಯದನ್ನು ಸಾಹಿತ್ಯವೆಂದೆಣಿಸಿ ವಿಮರ್ಶಕರು ಅದರ ಗುಣದೋಷಗಳನ್ನು ವಿಚಾರಿಸಿರುವರು. ಎರಡನೆಯದನ್ನು ಬೆಲೆಪಟ್ಟಿಯಂತೆ ಭಾವಿಸಿ ಬದಿಗಿರಿಸುವುದು ವಾಡಿಕೆ. ಆದರೆ ಮನೆಮನೆಗಳಲ್ಲಿ ಹೆಚ್ಚಾಗಿ ಓದುವುದು ಎರಡನೆಯದನ್ನೇ. ಓದಿ ಅದರಂತೆ ನಡೆಯುವುದೂ ಉಂಟು. ಕೆಟ್ಟ ಕಾವ್ಯದಿಂದ ಓದುವವನ ಒಂದು ಗಳಿಗೆ ಹಾಳಾಗುವುದು. ಕೆಟ್ಟ ಯಾತ್ರಾಕ್ರಮದಿಂದ ಆತನ ರಜೆಯೂ ಹಣವೂ, ಒಮ್ಮೊಮ್ಮೆ ಪ್ರಾಣವೂ ಹೋಗಬಹುದು. ಆದುದರಿಂದ ಇದೂ ವಿಮರ್ಶೆಗೆ ಅರ್ಹವಾದುದೇ.

ಇದಕ್ಕೆ ಉದಾಹರಣೆಯಾಗಿ ಆಸ್ಟ್ರೇಲಿಯದ ವಿಕ್ಟೋರಿಯಾ ಸಂಸ್ಥಾನದ ಗ್ರೇಟ್ ಓಷನ್ ರೋಡ್ ಎಂಬ ಕಡಲಂಚಿನ ಹೆದ್ದಾರಿಯನ್ನು ತೆಗೆದುಕೊಳ್ಳಬಹುದು. ಟಾರ್ಕಿ ಎಂಬ ಊರಿನಿಂದ ಆಲನ್ಸ್‌ಫರ್ಡಿನವರೆಗೆ ಸುಮಾರು 243 ಕಿಲೋಮೀಟರುಗಳಷ್ಟು ಉದ್ದವಾಗಿ ಅದು ಸಾಗಿದೆ. ಮೆಲ್ಬರ್ನಿನಲ್ಲಿ ಉದ್ಯೋಗದಲ್ಲಿರುವ ಕನ್ನಡಿಗರ ಮನೆಗಳಿಗೆ ತಾಯಿತಂದೆಗಳು ಹೋದಾಗ, ಮಕ್ಕಳು ಅವರಿಗೆ ತೋರಿಸಬೇಕೆಂದು ಮೊದಲು ಎಣಿಸುವ ಸ್ಥಳಗಳಲ್ಲಿ ಇದೂ ಒಂದು. ಹೀಗಾಗಿ ಈ ದಾರಿಯ ವಿಚಾರ ಕನ್ನಡದ ಓದುಗರಿಗೆ ತೀರ ಹೊರಗಿನದೂ ಅಲ್ಲ.

ಪ್ರಚಾರಪತ್ರಗಳೂ ಕೈಪಿಡಿಗಳೂ ಈ ದಾರಿಗೆ ಸಾಮಾನ್ಯವಾಗಿ ಕೊಡುವ ಕ್ರಮವೊಂದುಂಟು. ಬೆಳಗಿನ ಜಾವ ಮೆಲ್ಬರ್ನಿನಿಂದ ಹೊರಡುವುದು, ಲಾರ್ನಿನಲ್ಲಿ ಉಪಾಹಾರ, ಅಪೋಲೋ ಬೇಯಲ್ಲಿ ಊಟ, ಸಂಜೆಯ ಹೊತ್ತಿಗೆ ಟ್ವೆಲ್ವ್ ಅಪೋಸಲ್ಸ್ ಎಂಬ ಸಮುದ್ರಸ್ತಂಭಗಳ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವುದು, ಒಳನಾಡಿನ ಹೆದ್ದಾರಿಯಿಂದ ರಾತ್ರಿ ಮನೆ ಸೇರುವುದು. ಲೆಕ್ಕದಲ್ಲಿ ಇದು ಸರಿಯಾಗಿಯೇ ಇದೆ. ಆದರೆ ಕಡಲ ದಾರಿಯಿಂದ ಹೋಗಿ ಒಳದಾರಿಯಿಂದ ಮರಳಿದರೆ ಒಂದೇ ದಿನದಲ್ಲಿ ಸುಮಾರು 500 ಕಿಲೋಮೀಟರು ಗಾಡಿ ನಡೆಸಿದಂತಾಗುವುದು. ಅದರ ಒಂದು ಭಾಗ ಬಂಡೆಯ ಮಗ್ಗುಲನ್ನು ಕೊರೆದು ಮಾಡಿದ ತಿರುವುಗಳ ದಾರಿ. ಹಿಂದಿರುಗುವ ವೇಳೆಗೆ ಕತ್ತಲಾಗುವುದು. ಮುಸ್ಸಂಜೆಯಲ್ಲಿಯೇ ಕಾಂಗರೂಗಳೂ ವಾಲಬಿಗಳೂ ಮೇಯಲು ಹೊರಟು ದಾರಿಗೆ ಅಡ್ಡ ಬರುವುವು. ದಣಿದ ಚಾಲಕನಿಗೆ ಇದಕ್ಕಿಂತ ಕೆಟ್ಟ ಹೊತ್ತಿಲ್ಲ. ಕೈಪಿಡಿಗಳು ಊಟದ ಸ್ಥಳವನ್ನು ಹೆಸರಿಸುವಷ್ಟು ಕಾಳಜಿಯನ್ನು ಈ ವಿಷಯದಲ್ಲಿ ತೋರಿಸುವುದಿಲ್ಲ.

ಅಪಾಯದ ಮಾತು ಅಂತಿರಲಿ. ಈ ಕ್ರಮದಲ್ಲಿ ಇನ್ನೂ ಆಳವಾದ ದೋಷವೊಂದಿದೆ. ಅಲಂಕಾರಿಕರು ಅಂಗ, ಅಂಗಿ ಎಂದು ವಿಭಾಗಮಾಡುವರು. ಯಾವುದು ಪ್ರಧಾನ, ಯಾವುದು ಅದಕ್ಕೆ ಪೋಷಕ ಎಂಬುದು ತಿಳಿಯದಿದ್ದರೆ ಕೃತಿಯ ಅರ್ಥವೇ ಕೆಡುವುದು. ಒಂದು ದಿನದ ಯಾತ್ರಾಕ್ರಮವು ಕೊನೆಯ ನೋಟವನ್ನೇ ಅಂಗಿಯೆಂದೂ ದಾರಿಯನ್ನು ಅದಕ್ಕೆ ಒಯ್ಯುವ ಸಾಧನವೆಂದೂ ತಿಳಿದಿದೆ. ವಾಸ್ತವವಾಗಿ ದಾರಿಯೇ ಇಲ್ಲಿ ಪ್ರಧಾನ. ಟಾರ್ಕಿಯಿಂದ ಅಪೋಲೋ ಬೇಯವರೆಗೆ ಒಂದು ಕಡೆ ಕಡಿದಾದ ಗುಡ್ಡ, ಇನ್ನೊಂದು ಕಡೆ ಅಲೆ. ಅಲ್ಲಿಂದ ಮುಂದೆ ರಸ್ತೆ ಕಡಲನ್ನು ಬಿಟ್ಟು ಆಟ್ವೇ ಕಾಡನ್ನು ಹೊಗುವುದು. ಮಳೆಗೆ ಹೆಸರಾದ ಆ ಬೆಟ್ಟಗಳಲ್ಲಿ ಮರದ ಗಾತ್ರದ ಜರಿಗಿಡಗಳೂ ಮುಗಿಲೆತ್ತರದ ನೀಲಗಿರಿ ಜಾತಿಯ ಮರಗಳೂ ಇವೆ. ಕಾಡು ಮುಗಿದ ಮೇಲೆ ಸುಣ್ಣಕಲ್ಲಿನ ಬಯಲು. ಅದರ ಅಂಚು ಸಮುದ್ರಕ್ಕೆ ಗೋಡೆಯಂತೆ ಇಳಿದಿದೆ. ಈ ಮೂರು ಸಂಧಿಗಳು ಒಂದರಿಂದೊಂದು ಭಿನ್ನ. ಕಾಡಿನೊಳಗೆ ಕಡಲನ್ನು ಮರೆತವನಿಗೆ ಮಾತ್ರ ಮತ್ತೆ ಕಾಣುವ ಕಡಲು ಹೊಸದಾಗಿ ಕಾಣುವುದು. ನಡುವಿನದನ್ನು ನಿದ್ರೆಯಲ್ಲಿ ಕಳೆದು ಕೊನೆಯದಕ್ಕೆ ಎದ್ದವನು ನಾಟಕದ ಐದನೆಯ ಅಂಕಕ್ಕೆ ಬಂದ ಪ್ರೇಕ್ಷಕನಂತೆ ಸರಿ.

ಎರಡನೆಯ ದೋಷವು ಕೈಪಿಡಿಗಳ ಮೌನ. ಈ ದಾರಿಯನ್ನು 1919 ರಿಂದ 1932 ರವರೆಗೆ ನಿರ್ಮಿಸಿದವರು ಮೊದಲನೆಯ ಮಹಾಯುದ್ಧದಿಂದ ಮರಳಿದ ಸಿಪಾಯಿಗಳು. ಅವರ ಸಂಖ್ಯೆ ಸುಮಾರು 3000. ಯುದ್ಧದಲ್ಲಿ ಮಡಿದ ತಮ್ಮ ಜೊತೆಗಾರರ ಸ್ಮಾರಕವಾಗಿ ಅವರು ಗುದ್ದಲಿ, ಪಿಕಾಸಿ, ಸಿಡಿಮದ್ದುಗಳಿಂದ ಬಂಡೆಯನ್ನು ಒಡೆದರು. ಕೆಲಸ ನಡೆದಷ್ಟು ಕಾಲವೂ ಅವರ ವಾಸ ಡೇರೆಗಳಲ್ಲಿ. ಜಿಲಾಂಗ್ ನಗರದ ಮೇಯರ್ ಹೊವರ್ಡ್ ಹಿಚ್‌ಕಾಕ್ ಹಣ ಕೂಡಿಸಿ ಇದಕ್ಕೆ ನಾಯಕನಾಗಿ ನಿಂತನು. 1932 ರಲ್ಲಿ ದಾರಿ ಪೂರ್ತಿ ತೆರೆಯುವುದಕ್ಕೆ ಕೆಲವು ತಿಂಗಳ ಮೊದಲೇ ತೀರಿಕೊಂಡನು. ಈಸ್ಟರ್ನ್ ವ್ಯೂ ಎಂಬಲ್ಲಿ ದಾರಿಗೆ ಅಡ್ಡವಾಗಿ ನಿಂತಿರುವ ಮರದ ಕಮಾನು ಈ ಸ್ಮರಣೆಯ ಗುರುತು. 1983ರ ಕಾಡುಕಿಚ್ಚಿನಲ್ಲಿ ಅದು ಸುಟ್ಟುಹೋಗಿ ಮತ್ತೆ ಕಟ್ಟಲ್ಪಟ್ಟಿತು. ಆಸ್ಟ್ರೇಲಿಯ ಸರ್ಕಾರವು 2011 ರಲ್ಲಿ ಈ ದಾರಿಯನ್ನೇ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು. ಕಮಾನಿನ ಕೆಳಗೆ ನಿಂತು ಚಿತ್ರ ತೆಗೆಸಿಕೊಳ್ಳುವವರು ಬಹಳ ಮಂದಿ. ತಾವು ನಿಂತಿರುವುದು ಸತ್ತವರ ಸ್ಮಾರಕದ ಬಾಗಿಲಲ್ಲಿ ಎಂಬುದನ್ನು ಬಲ್ಲವರು ಅಷ್ಟು ಮಂದಿ ಇರಲಾರರು. ಈ ಅಜ್ಞಾನಕ್ಕೆ ಪ್ರವಾಸಿಗನಿಗಿಂತ ಆತನಿಗೆ ದಾರಿ ಹೇಳಿದ ಬರೆವಣಿಗೆಯೇ ಹೆಚ್ಚು ಹೊಣೆ.

ಮೌನ ಇಷ್ಟಕ್ಕೇ ನಿಲ್ಲುವುದಿಲ್ಲ. ಸಿಪಾಯಿಗಳು ಕೊರೆದ ಬಂಡೆ ಯಾರೂ ಇಲ್ಲದ ನೆಲದಲ್ಲಿ ಇದ್ದಿತೆಂದು ತಿಳಿಯಬಾರದು. ಮೂಡಲ ಭಾಗವು ವಾದವುರಂಗ್ ಜನರ ನಾಡು. ಆಟ್ವೇ ಬೆಟ್ಟಗಳು ಗಡುಬಾನುದರವು. ಅದರಾಚೆಯ ಕರಾವಳಿ ಈಸ್ಟರ್ನ್ ಮಾರ್ ಎಂದು ಇಂದು ಕರೆದುಕೊಳ್ಳುವ ಜನರದು. ಒಬ್ಬರ ಸ್ಮಾರಕ ಇನ್ನೊಬ್ಬರ ಮರೆವಿನ ಮೇಲೆ ನಿಲ್ಲುವುದು ಚರಿತ್ರೆಯಲ್ಲಿ ಅಪೂರ್ವವಲ್ಲ. ಒಳ್ಳೆಯ ಕೈಪಿಡಿಯು ಎರಡನ್ನೂ ಹೇಳಬೇಕು. ಒಂದನ್ನು ಹೇಳುವುದರಿಂದ ಇನ್ನೊಂದರ ಗೌರವ ಕುಂದುವುದಿಲ್ಲ.

ಮೂರನೆಯದು ಅತಿಶಯೋಕ್ತಿಯ ದೋಷ. ‘ಹನ್ನೆರಡು ಮಂದಿ ಶಿಷ್ಯರು’ ಎಂಬ ಹೆಸರನ್ನು ಹೊತ್ತ ಸ್ತಂಭಗಳು ಹನ್ನೆರಡಿರಲಿಲ್ಲ. ಒಂದು ಕಾಲಕ್ಕೆ ಅವಕ್ಕೆ ‘ಹಂದಿ ಮತ್ತು ಮರಿಗಳು’ ಎಂಬ ಹೆಸರೂ ಇದ್ದಿತು; ಪ್ರವಾಸಿಗರನ್ನು ಕರೆಯಲು ಅದು ತಕ್ಕುದಲ್ಲವೆಂದು ತೋರಿರಬೇಕು. ಒಂಬತ್ತೆಂದು ಎಣಿಸುತ್ತಿದ್ದವುಗಳಲ್ಲಿ ಒಂದು 2005 ರಲ್ಲಿ ಕುಸಿದುಬಿದ್ದಿತು. 1990 ರಲ್ಲಿ ಸಮೀಪದ ಲಂಡನ್ ಬ್ರಿಜ್ ಎಂಬ ಬಂಡೆಯ ಸೇತುವೆಯ ಒಂದು ಕಮಾನು ಮುರಿದು, ತುದಿಯಲ್ಲಿ ಸಿಕ್ಕಿಕೊಂಡ ಇಬ್ಬರನ್ನು ಹೆಲಿಕಾಪ್ಟರಿನಿಂದ ಇಳಿಸಬೇಕಾಯಿತು. ‘ಪೂರ್ತಿ ಅಳಿಯುವ ಮೊದಲೇ ನೋಡಿರಿ’ ಎಂದು ಪ್ರಚಾರಕರು ಅವಸರಪಡಿಸುವುದುಂಟು. ಇದು ವಸ್ತುವನ್ನು ತಪ್ಪಾಗಿ ಓದಿದ ಮಾತು. ಕೋಟಿಗಟ್ಟಲೆ ವರ್ಷಗಳ ಹಿಂದೆ ಕಡಲಜೀವಿಗಳ ಚಿಪ್ಪುಗಳಿಂದಾದ ಮೆದು ಸುಣ್ಣಕಲ್ಲನ್ನು ಅಲೆಯೂ ಗಾಳಿಯೂ ಕೊರೆದು ಗವಿ ಮಾಡುವುವು. ಗವಿ ತೂತಾಗಿ ಕಮಾನಾಗುವುದು. ಕಮಾನು ಕುಸಿದು ಸ್ತಂಭವುಳಿಯುವುದು. ಸ್ತಂಭವೂ ಕೊನೆಗೆ ಬೀಳುವುದು. ಕೆಡವುವ ಶಕ್ತಿಯೇ ಕಟ್ಟಿದ ಶಕ್ತಿ. ಇಂದಿನ ದಡದಿಂದ ನಾಳೆಯ ಸ್ತಂಭಗಳು ಹುಟ್ಟಲಿವೆ. ಈ ಮಾತನ್ನು ತಿಳಿಸಿದರೆ ನೋಡುವವನಿಗೆ ಅವಸರ ತಪ್ಪಿ ಅಚ್ಚರಿಯುಂಟಾಗುವುದು.

ಇದೇ ಕರಾವಳಿಯಲ್ಲಿ 1878ರ ಜೂನ್ 1 ರಂದು ಲಾಕ್ ಆರ್ಡ್ ಎಂಬ ಹಡಗು ಒಡೆಯಿತು. ಅದರಲ್ಲಿದ್ದ 54 ಮಂದಿಯಲ್ಲಿ ಉಳಿದವರು ಇಬ್ಬರೇ: ಹಡಗಿನ ಕೆಲಸ ಕಲಿಯುತ್ತಿದ್ದ ಟಾಮ್ ಪಿಯರ್ಸ್, ಪ್ರಯಾಣಿಕಳಾಗಿದ್ದ ಈವಾ ಕಾರ್ಮೈಕಲ್. ಇಬ್ಬರೂ ಹದಿಹರೆಯದವರು. ಅವರು ಮದುವೆಯಾಗಬಹುದೆಂದು ಅಂದಿನ ಜನ ಆಸೆಪಟ್ಟರು. ಆಕೆ ತನ್ನ ಬಂಧುಗಳಿದ್ದ ಐರ್ಲೆಂಡಿಗೆ ಹೊರಟುಹೋದಳು. ಕೈಪಿಡಿಗಳು ಇಂದಿಗೂ ಇದನ್ನು ಶೃಂಗಾರದ ಕಥೆಯಂತೆ ಹೇಳುವುವು. ತಾಯಿತಂದೆ ಒಡಹುಟ್ಟಿದವರನ್ನು ಒಂದೇ ರಾತ್ರಿ ಕಳೆದುಕೊಂಡವಳ ಕಥೆಯಲ್ಲಿ ಕರುಣವೇ ಸ್ಥಾಯಿ. ಅಲ್ಲಿ ಶೃಂಗಾರವನ್ನು ಹುಡುಕುವುದು ಔಚಿತ್ಯಭಂಗ.

ದೋಷಗಳನ್ನು ಎಣಿಸಿದ ಮೇಲೆ ಉತ್ತಮವಾದ ಕ್ರಮ ಯಾವುದೆಂಬುದನ್ನೂ ಹೇಳಬೇಕಾಗುವುದು. ಅದು ಮೂರು ರಾತ್ರಿಗಳ ಬಿಡಾರವುಳ್ಳ ಕ್ರಮ. ಪದ್ಯಕ್ಕೆ ಯತಿ ಹೇಗೋ ಯಾತ್ರೆಗೆ ತಂಗುದಾಣ ಹಾಗೆ. ನಿಲ್ಲಬೇಕಾದಲ್ಲಿ ನಿಂತರೆ ಅರ್ಥ ತಿಳಿಯುವುದು. ಮೊದಲನೆಯ ರಾತ್ರಿ ಲಾರ್ನಿನ ಸುತ್ತಿನಲ್ಲಿ. ಎರಡನೆಯದು ಆಟ್ವೇ ಕಾಡಿನಾಚೆ ಏರ್ ನದಿಯ ಬಳಿಯಲ್ಲೋ ಜೊಹಾನಾ ತೀರದಲ್ಲೋ. ಮೂರನೆಯದು ಪೋರ್ಟ್ ಕ್ಯಾಂಬೆಲಿನಲ್ಲಿ. ಮೂಡಲಿಂದ ಪಡುವಲಿಗೆ ಹೊರಡುವುದು ಲೇಸು. ಆ ದೇಶದಲ್ಲಿಯೂ ಗಾಡಿಗಳು ಎಡಕ್ಕೆ ನಡೆಯುವುದರಿಂದ ಕಡಲು ತಮ್ಮ ಮಗ್ಗುಲಿಗೇ ಇದ್ದು, ಎದುರಿನ ಗಾಡಿಗಳನ್ನು ಅಡ್ಡಹಾಯದೆ ನಿಲ್ಲಿಸಬಹುದು. ಕಂಡಲ್ಲಿ ಡೇರೆ ಹೂಡಲು ಅಲ್ಲಿ ಅಪ್ಪಣೆಯಿಲ್ಲ. ಗೊತ್ತಾದ ಬಯಲುಗಳಲ್ಲಿ ಮುಂಚಿತವಾಗಿ ಸ್ಥಳ ಕಾದಿರಿಸಬೇಕು. ಡಿಸೆಂಬರು ಜನವರಿಗಳಲ್ಲಿಯೂ ಈಸ್ಟರಿನಲ್ಲಿಯೂ ಬಹು ಮುಂಚೆಯೇ. ಅಲ್ಲಿ ಡಿಸೆಂಬರು ಬೇಸಗೆಯೆಂಬುದನ್ನೂ, ಬೇಸಗೆಯಲ್ಲಿಯೂ ತೆಂಕಣ ಗಾಳಿ ಬೀಸಿದರೆ ಕಂಬಳಿ ಬೇಕಾಗುವುದೆಂಬುದನ್ನೂ ಮರೆಯಬಾರದು. ಬೆಂಕಿಯ ನಿಷೇಧವನ್ನು ಸಾರಿದ ದಿನ ಬಯಲಿನಲ್ಲಿ ಸೌದೆಯ ಒಲೆ ಹೊತ್ತಿಸುವುದು ಅಪರಾಧ. 2015ರ ಕ್ರಿಸ್‌ಮಸ್ ದಿನದ ಕಾಡುಕಿಚ್ಚಿನಲ್ಲಿ ವೈ ರಿವರ್, ಸೆಪರೇಷನ್ ಕ್ರೀಕ್ ಎಂಬ ಎರಡು ಕಡಲೂರುಗಳಲ್ಲಿ 116 ಮನೆಗಳು ಸುಟ್ಟುಹೋದುದನ್ನು ನೆನೆದರೆ ಈ ಕಟ್ಟಳೆಯ ಅರ್ಥ ತಿಳಿಯುವುದು. ಈಜುವ ಆಸೆಯುಳ್ಳವರು ಕೆಂಪು ಹಳದಿ ಬಾವುಟಗಳ ನಡುವೆಯೇ ನೀರಿಗಿಳಿಯಬೇಕು. ಸೆಳವು ಮೇಲೆ ಕಾಣುವುದಿಲ್ಲ.

ಇಲ್ಲಿ ಒಂದು ಆಕ್ಷೇಪವುಂಟು. ಎಲ್ಲರಿಗೂ ನಾಲ್ಕು ದಿನಗಳ ರಜೆ ಎಲ್ಲಿಯದು? ಮಂಡಿನೋವಿನ ವೃದ್ಧರು ಡೇರೆಯಲ್ಲಿ ಮಲಗುವುದೆಂತು? ಆಕ್ಷೇಪ ನ್ಯಾಯವಾದುದೇ. ವೃದ್ಧರಿಗೆ ಡೇರೆಯ ಬದಲು ಅವೇ ಊರುಗಳ ವಸತಿಗೃಹಗಳುಂಟು, ಕ್ರಮ ಕೆಡುವುದಿಲ್ಲ. ಒಂದೇ ದಿನವುಳ್ಳವರು ಲಾರ್ನಿನವರೆಗೋ ಅಪೋಲೋ ಬೇಯವರೆಗೋ ಹೋಗಿ, ಹಗಲಿರುವಾಗಲೇ ಹಿಂದಿರುಗುವುದು ಒಳ್ಳೆಯದು. ಮಹಾಕಾವ್ಯದ ಒಂದು ಸರ್ಗವನ್ನು ಚೆನ್ನಾಗಿ ಓದಿದವನು ಎಲ್ಲ ಸರ್ಗಗಳ ಪುಟಗಳನ್ನು ಮಗುಚಿದವನಿಗಿಂತ ಮೇಲು. ಹನ್ನೆರಡು ಶಿಷ್ಯರನ್ನು ಕಾಣದೆ ಬಂದೆವೆಂದು ನೆರೆಯವರ ಮುಂದೆ ಹೇಳಲು ಸಂಕೋಚವಾದೀತು. ಆ ಸಂಕೋಚವನ್ನು ಬೆಳೆಸಿದುದೇ ಕೈಪಿಡಿಗಳ ಕೊನೆಯ ಅಪರಾಧವೆನ್ನಬಹುದು.

ಬಿಡಾರದ ರಾತ್ರಿಗೆ ಮತ್ತೊಂದು ಬೆಲೆಯುಂಟು. ಕರ್ಣಾಟಕದಲ್ಲಿ ಬೇಸಗೆಯ ಸಂಜೆಗಳಲ್ಲಿ ತೆಂಕಣ ದಿಗಂತದ ಮೇಲೆ ತುಸು ಹೊತ್ತು ಕಂಡು ಮುಳುಗುವ ತ್ರಿಶಂಕು ನಕ್ಷತ್ರವು ಆ ನಾಡಿನಲ್ಲಿ ಮುಳುಗುವುದೇ ಇಲ್ಲ. ವರ್ಷವೆಲ್ಲ ನೆತ್ತಿಯ ಕಡೆಗೇರಿ ಇಳಿಯುತ್ತ ಇರುವುದು. ಬಂಡೆ ಒಡೆದು ದಣಿದ ಸಿಪಾಯಿಗಳು ತಮ್ಮ ಡೇರೆಗಳ ಹೊರಗೆ ಕುಳಿತು ಕಂಡುದೂ ಅದನ್ನೇ. ಈ ದಾರಿಯ ಮೇಲೆ ಡೇರೆ ಹೂಡುವವನು, ಅರಿತೋ ಅರಿಯದೆಯೋ, ಅದನ್ನು ಕಟ್ಟಿದವರಂತೆಯೇ ಒಂದು ರಾತ್ರಿ ಬಾಳುವನು. ಅರಿತು ಬಾಳುವಂತೆ ಮಾಡುವುದು ಯಾತ್ರಾಕ್ರಮವನ್ನು ಬರೆಯುವವನ ಧರ್ಮ. ಗಂಟೆ ಮೈಲಿಗಳ ಲೆಕ್ಕವನ್ನು ಯಾರಾದರೂ ಕೊಡಬಲ್ಲರು. ಎಲ್ಲಿ ನಿಲ್ಲಬೇಕು, ಏಕೆ ನಿಲ್ಲಬೇಕು ಎಂಬುದನ್ನು ಹೇಳಬಲ್ಲ ಕೈಪಿಡಿಯನ್ನೇ ಮನೆಯ ಪುಸ್ತಕಗಳ ಸಾಲಿನಲ್ಲಿ ಇರಿಸಿಕೊಳ್ಳುವುದು ಯೋಗ್ಯ.