ಬಫೆಟ್‌ಗೆ ಹೆಣ್ಣಿನ ಗುಣ, ಹೆಣ್ಣಿಗೇನು?

ಶೇರು ಮಾರುಕಟ್ಟೆಯ ಹುಚ್ಚು ಹತ್ತಿದ ಗೆಳೆಯರಿಗೆಲ್ಲ ನಾನು ಓದಿ ಅಂತ ಹೇಳುವ ಪುಸ್ತಕ ಲೂಆನ್ ಲಾಫ್ಟನ್ ಅವರ ‘ವಾರೆನ್ ಬಫೆಟ್ ಇನ್ವೆಸ್ಟ್ಸ್ ಲೈಕ್ ಎ ಗರ್ಲ್’ (2011). ತಾಳ್ಮೆ, ಅಳತೆ ಮೀರದ ಆತ್ಮವಿಶ್ವಾಸ, ಚೆನ್ನಾಗಿ ಓದಿಕೊಂಡು ಕೊಳ್ಳೋದು, ಇವೆಲ್ಲ ಹೆಂಗಸರ ಸ್ವಭಾವ, ಬಫೆಟ್ ಗೆದ್ದಿದ್ದೂ ಇದರಿಂದಲೇ ಅನ್ನೋದು ವಾದ. ಓದೋಕೆ ಮಜವಾಗಿದೆ. ಆದರೆ ಈ ಹೊಗಳಿಕೆಯ ಬಗ್ಗೆ ನನಗೊಂದು ತಕರಾರಿದೆ.

ಈ ವಾದದ ಬೆನ್ನೆಲುಬು ಬ್ರಾಡ್ ಬಾರ್ಬರ್ ಮತ್ತು ಟೆರೆನ್ಸ್ ಓಡೀನ್ ಅವರ 2001ರ ಅಧ್ಯಯನ. ಅಮೆರಿಕದ ಒಂದು ಬ್ರೋಕರೇಜ್‌ನಲ್ಲಿದ್ದ 35,000ಕ್ಕೂ ಹೆಚ್ಚು ಕುಟುಂಬಗಳ ಖಾತೆಗಳನ್ನು ಅವರು ಜಾಲಾಡಿದರು. ಗಂಡಸರು ಶೇ. 45ರಷ್ಟು ಹೆಚ್ಚು ಟ್ರೇಡ್ ಮಾಡಿದ್ದರು. ಈ ಕೊಳ್ಳೋದು-ಮಾರೋದು ಗಂಡಸರ ವಾರ್ಷಿಕ ಗಳಿಕೆಯಲ್ಲಿ 2.65 ಪರ್ಸೆಂಟೇಜ್ ಪಾಯಿಂಟ್ ತಿಂದಿತ್ತು, ಹೆಂಗಸರದ್ದರಲ್ಲಿ 1.72. ಗಂಡಸರು ಆರಿಸಿದ ಶೇರುಗಳೇನೂ ಹೆಚ್ಚು ಕೆಟ್ಟದಾಗಿರಲಿಲ್ಲ, ಕೈ ಸುಮ್ಮನಿರಲಿಲ್ಲ ಅಷ್ಟೇ. ಹೆಂಗಸರೂ ಕಳೆದುಕೊಂಡರು, ಸ್ವಲ್ಪ ಕಮ್ಮಿ.

ಇಲ್ಲಿ ಗಂಡು, ಹೆಣ್ಣು ಅಂದ್ರೆ ಖಾತೆ ತೆರೆದವರು ಯಾರು ಅನ್ನೋದು. ನಿರ್ಧಾರ ಯಾರದ್ದೋ! ಮದುವೆಯಾಗದವರನ್ನು ಮಾತ್ರ ಹೋಲಿಸಿದರೆ ಆ 45 ಅನ್ನೋದು 67 ಆಗುತ್ತೆ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡಿಮ್ಯಾಟ್ ಹೆಂಡತಿ ಹೆಸರಲ್ಲಿ, ಪಾಸ್‌ವರ್ಡ್ ಗಂಡನ ಹತ್ತಿರ.

ಇಷ್ಟೆಲ್ಲ ಮನೆಮಂದಿಯ ದುಡ್ಡಿನ ಕಥೆ. ಪಿಂಚಣಿ ನಿಧಿ, ಮ್ಯೂಚುಯಲ್ ಫಂಡ್ ನಡೆಸೋದು ಬೇರೆ ಕೆಲಸ. ಅಲ್ಲಿ ಬೆಂಚ್‌ಮಾರ್ಕ್ ಇದೆ, ರಿಸ್ಕ್ ಮಿತಿ ಇದೆ, ಪ್ರಶ್ನೆ ಕೇಳೋ ಸಮಿತಿ ಇದೆ. ಆ ಕುರ್ಚಿಯವರೆಗೆ ಅಷ್ಟೊಂದು ಜರಡಿ ದಾಟಿ ಬಂದ ಹೆಂಗಸಿಗೆ ಸರಾಸರಿ ಹೆಂಗಸಿನ ಸ್ವಭಾವ ಇರಲೇಬೇಕು ಅಂತೇನಿಲ್ಲ. ಅಮೆರಿಕದ ಫಂಡ್ ಮ್ಯಾನೇಜರುಗಳ ಬಗ್ಗೆ ಅಲೆಕ್ಸಾಂಡ್ರಾ ನೀಸೆನ್-ರುಯೆನ್ಸಿ ಮತ್ತು ಸ್ಟೆಫಾನ್ ರುಯೆನ್ಸಿ 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗಂಡಸರ, ಹೆಂಗಸರ ಫಂಡ್‌ಗಳ ಗಳಿಕೆ ಹೆಚ್ಚುಕಡಿಮೆ ಒಂದೇ. ಆದರೂ ಹೆಂಗಸರು ನಡೆಸುವ ಫಂಡ್‌ಗೆ ಬರುವ ಹೊಸ ದುಡ್ಡು ಕಮ್ಮಿ! ಪ್ರಯೋಗ ಮಾಡಿ ನೋಡಿದಾಗಲೂ ಮ್ಯಾನೇಜರ್ ಹೆಣ್ಣು ಅಂತ ಗೊತ್ತಾದರೆ ಜನ ಕಮ್ಮಿ ದುಡ್ಡು ಹಾಕಿದರು. ಹೆಚ್ಚು ದುಡ್ಡು ತರದ ಮ್ಯಾನೇಜರನ್ನು ಯಾವ ಕಂಪನಿ ಮೇಲಕ್ಕೆತ್ತುತ್ತೆ ಹೇಳಿ?

ನಮ್ಮೂರಲ್ಲಿ ‘ಹೆಣ್ಮಕ್ಕಳ ಕೈಲಿ ದುಡ್ಡು ನಿಲ್ಲುತ್ತೆ’ ಅಂತ ಹೊಗಳೋರು, ಸಾಸಿವೆ ಡಬ್ಬಿಯ ಮಟ್ಟಿಗೆ. ಜಮೀನು ಕೊಳ್ಳೋ ಮಾತು ಬಂದಾಗ ಜಗಲಿ ಮೇಲೆ ಕೂತವರೆಲ್ಲ ಗಂಡಸರೇ. ಲಾಫ್ಟನ್ ಹೊಗಳಿಕೆಯಲ್ಲಿ ನನಗೆ ಈ ಡಬ್ಬಿಯ ವಾಸನೆ ಹೊಡೆಯುತ್ತೆ. ಶೀರ್ಷಿಕೆಯಲ್ಲೂ ಹೀರೋ ಬಫೆಟ್, ಹುಡುಗಿ ಬರೀ ಉಪಮೆ.

ಬಫೆಟ್ ಬದಲು ಜೆರಾಲ್ಡಿನ್ ವೈಸ್ ಅವರಿಂದ ಶುರು ಮಾಡಿದ್ದರೆ ಪುಸ್ತಕದ ದಾರಿಯೇ ಬೇರೆಯಾಗುತ್ತಿತ್ತು. ಡಿವಿಡೆಂಡ್ ನೋಡಿ ಶೇರು ಆರಿಸುವ ಸಲಹಾ ಪತ್ರಿಕೆಯನ್ನು 1966ರಲ್ಲಿ ಹೊರತಂದಾಕೆ ಅವರು. ಹೆಂಗಸಿನ ಸಲಹೆಯನ್ನು ಯಾರೂ ಕೊಳ್ಳಲ್ಲ ಅಂತ ವರ್ಷಗಟ್ಟಲೆ ‘ಜಿ. ವೈಸ್’ ಅಂತಲೇ ಸಹಿ ಹಾಕಿದರು.